ಸುತ್ತು ಹಾಕಿದ ಸಾಲುಗಳು

ನಾಚಿಕಿ ಪಡೋ ಪ್ರಸಂಗ ಮೊದಲಿಂದಾನೂ ನನ್ನ ಹುಡುಕ್ಕೊಂಡು ಬರ್ತಾವ. ಕಥಿ ಬರ್ಯಾಕ ಕುಂತ ಮ್ಯಾಲಂತೂ ಮನಿ ಮುಂದ ಪಾಳಿ ಹಚ್ಚಿದ್ವು.

ಕಿರಾಣಿ ಅಂಗಡಿಯ ಓದುಗ

ತೆಲುಗು ಮಂದಿ ನಡುವಿನ ಕುಷಾಯಿಗೂಡದಾಗ ನಮ್ಮ ಕನ್ನಡ ಸಂಘದವರು ವರ್ಷಕ್ಕೊಂದು ಸಂಚಿಕೆ ತರ್ತಿದ್ರು. ಅದರಾಗ ನಂದೊಂದು ಕಥಿ ಬರಬೇಕಂತ ಭಾಳ ಆಸೆ. ಆದ್ರ ಮೊದಲನೇ ಪುಟ ಬರದು ಓದಿದ್ರ ನನಗ ಹೇಸಿಗಿ ಅನಿಸಿ ಒಗೀತಿದ್ದೆ. ಹಿಂಗ ಏಳು ವರ್ಷ. ಒಗದ ಹಾಳಿ ಹಿಂದ ನಮ್ಮ ಮನಿಯಾಕಿ ಕಿರಾಣಿ ಚೀಟಿ ಬರೀತಿದ್ದದ್ದು ನನಗ ಗೊತ್ತಿರಲಿಲ್ಲ. ಒಂದಿನ ಬೀದರ ಕಡೆಯ ಅಂಗಡಿಯವ ಬ್ಯಾಳಿ ತೂಗ್ತಾ ಕೇಳಿದ, "ಸಾಹೇಬ್ರ, ಆ ಮುದುಕಿ ರೈಲು ಹತ್ತಿದ್ಲೋ ಇಲ್ಲೋ?"

ಬ್ಯಾಳಿ ಅಲ್ಲೇ ಬಿಟ್ಟು ಬಂದೆ. ಮುಂದಿನ ತಿಂಗಳು ಅಂಗಡೀನ ಬದಲಿಸಿದೆ.

ತಪ್ಪಿಲ್ಲದ ಬರಹ

ಆಗ ಓಣಿಗೊಂದು ಕಂಪ್ಯೂಟರ್ ಕ್ಲಾಸ್ ತೆರದಿದ್ವು. ಸಾಫ್ಟ್‌ವೇರ್ ಕೆಲಸಕ್ಕ ಹೋಗೋ ಬಾಜೂ ಮನಿ ಹುಡುಗಿ ನನ್ನನ್ನ ತನ್ನ ಕಂಪ್ಯೂಟರ್ ಮುಂದ ಕೂಡ್ರಿಸಿದ್ಲು. "ಕಾಕಾ, ನಮ್ಮ ಪ್ರೋಗ್ರಾಂ ಮೊದಲನೇ ಸಲ ಒಂದೂ ಓಡಂಗಿಲ್ಲ. ತಪ್ಪಾದ್ರೂ ಕೊನೀ ತನಕ ಬರೀರಿ, ತಿದ್ದೋದು ಆಮ್ಯಾಲೆ."

ಒಂದು ತಾಸು ಬಿಟ್ಟು ಬಂದು, "ಏನ್ ಬರದ್ರಿ?" ಅಂದ್ಲು.

"ಏನಿಲ್ಲವ್ವ. ಆದ್ರ ಒಂದೂ ತಪ್ಪಿಲ್ಲ ನೋಡು."

ದಪ್ಪಕ್ಷರ

ಆಕಿ ನಕ್ಕಿದ್ದು ಮನಸ್ಸಿಗೆ ಹತ್ತಿ, ಹಾಳಿ ಮ್ಯಾಲೆ ಮುದುಕಿ ಕಥಿ ಅಂತೂ ಮುಗಿಸಿದೆ. ನಡುನಡುವ ನನಗ ನಾನ ಬರಕೊಂಡ ಮಾತಿಗೆಲ್ಲಾ, ತಿದ್ದುವಾಗ ತೆಗೀಬೇಕಂತ ಸುತ್ತು ಹಾಕಿಟ್ಟೆ. "ಇವರ ಕೈಯಾಗ ಬಿಟ್ರ ಇದನ್ನೂ ಒಗೀತಾರ" ಅಂತ ಮನಿಯಾಕಿ, ನಾ ಡ್ಯೂಟಿಗೆ ಹೋದಾಗ ಸಂಘಕ್ಕ ಕೊಟ್ಟಬಿಟ್ಲು.

ಸಂಚಿಕೆ ಅಚ್ಚಿಗೆ ತಯಾರು ಮಾಡೋ ಹಿಮಾಯತ್‌ನಗರದ ಡಿಟಿಪಿ ಅಂಗಡಿಯವಗ ಕನ್ನಡ ಬರಂಗಿಲ್ಲ. ತೆಲುಗಿನಂಗ ಕಾಣೋ ಅಕ್ಷರಂತ ನೋಡಿ ನೋಡಿ ಟೈಪ್ ಮಾಡ್ತಿದ್ದ. ಅವನ ಅಂಗಡಿಯಾಗ ಸುತ್ತು ಹಾಕಿದ್ದಂದ್ರ ದಪ್ಪಕ್ಷರ.

ಕಥಿ ನಡುವ ದಪ್ಪಗ ಅಚ್ಚಾತು: "ಈ ಸಾಲು ಯಾವ ಕತ್ತೆ ಬರೀತು?" ಮತ್ತೊಂದು ಕಡೆ: "ಮುದುಕಿ ಅತ್ತಿದ್ದು ಸಾಕು, ನನಗ ಬ್ಯಾಸರಾಗೈತಿ." ನಮ್ಮ ಸಂಚಿಕೆಯಾಗ ಯಾವ ಲೇಖನಾದ್ರೂ ಕೊನೀಗೆ ಅಧ್ಯಕ್ಷರನ್ನ ನೆನೆಸೋ ಪದ್ಧತಿ. ಅಲ್ಲಿ ಇನ್ನೂ ದಪ್ಪಗ: "ಇಲ್ಲಿ ಅಧ್ಯಕ್ಷರನ್ನ ಹೊಗಳಬೇಕು. ಏನಂತ?"

ಸಮಾರಂಭದ ದಿನ ಮಂದಿ ಸಂಚಿಕೆ ಹಿಡಕೊಂಡು ನಗಾಕತ್ತಿದ್ರು. ಭೂಮಿ ಬಾಯಿ ಬಿಡಬಾರದಾ ಅನಿಸಿತು. ಊಟದ ಪಂಕ್ತಿ ತುದಿಗೆ ತಲಿ ತಗ್ಗಿಸಿ ಕುಂತಿದ್ದೆ. ಅಧ್ಯಕ್ಷರು ಬಂದು ಬಾಜೂನ ಕುಂತ್ರು.

"ತಪ್ಪಾತ್ರಿ, ಅದು ತಿದ್ದದ ಕಾಪಿರಿ," ಅಂದೆ.

"ತಿದ್ದಾಕ ಹೋಗಬ್ಯಾಡ್ರಿ. ಇಷ್ಟು ವರ್ಷದಾಗ ನಾ ಪೂರಾ ಓದಿದ್ದು ನಿಮ್ಮದೊಂದ." ಹೋಳಿಗಿ ಮುರಕೊಂಡು, ಸಣ್ಣ ದನಿಯಾಗ ಹೇಳಿದ್ರು, "ಏನಂತ ಹೊಗಳಬಹುದು ಅಂತ ನಮ್ಮ ಮನಿಯಾಕಿನ್ನೂ ಕೇಳಿದೆ. ಮುಂಜಾನಿಂದ ಇನ್ನೂ ವಿಚಾರ ಮಾಡಾಕತ್ತಾಳ."