ಸಂದೇಶವಾಹಕನ ಬೆನ್ನು

"ಮಂತ್ರಿಗಳೆಲ್ಲ ನಿಮ್ಮನ್ನ ಕಂಡ್ರೆ ಬಾಯಿ ಮುಚ್ಕೋತಾರಾ? ನಮ್ಮನೇಲಿ ಬೆಕ್ಕೂ ಮುಚ್ಚಲ್ವಲ್ಲ ಅಳಿಯಂದ್ರೇ!"

ಬೆಳಗಿನ ಕಾಫಿಯ ಜೊತೆ ಅತ್ತೆ ಎಸೆದ ಈ ಮಾತೇ ಅಂದಿನ ರಂಪಕ್ಕೆಲ್ಲ ಕಾರಣ.

ಅಳಿಯ ಸಂಸತ್ತಿನಲ್ಲಿ ಸಂದೇಶವಾಹಕ. ಒಂದು ಸದನ ಒಪ್ಪಿದ ಮಸೂದೆಯನ್ನು ಇನ್ನೊಂದಕ್ಕೆ ಮುಟ್ಟಿಸುವವನು. ಮುಟ್ಟಿಸುವುದೆಂದರೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡುವುದಲ್ಲ. ಬಿಳಿ ಕೈಗವಸು ತೊಟ್ಟು, ಬಾಗಿಲನ್ನು ಮೂರು ಸಲ ಬಡಿದು, "ಆ ಸದನದಿಂದ ಸಂದೇಶ!" ಎಂದು ಕೂಗಬೇಕು. ಒಳಗೆ ಎಂಥ ಜಗಳ ಹತ್ತಿದ್ದರೂ ಆ ಕ್ಷಣಕ್ಕೆ ಗಪ್‌ಚಿಪ್. ಅವನು ನಡುದಾರಿಯಲ್ಲಿ ಹೋಗಿ, ತಲೆಬಾಗಿ, ಮಸೂದೆ ಒಪ್ಪಿಸುವವರೆಗೆ ಪ್ರಧಾನಿಯೂ ಕೆಮ್ಮುವಂತಿಲ್ಲ. ಆ ಹತ್ತು ಹೆಜ್ಜೆ ಇಡುವಾಗ ಅವನ ಎದೆ ಕೋಟಿನ ಗುಂಡಿ ಕಿತ್ತುಹೋಗುವಷ್ಟು ಉಬ್ಬುತ್ತಿತ್ತು.

"ಇವತ್ತೇ ಬನ್ನಿ ಅತ್ತೆ, ಕಣ್ಣಾರೆ ನೋಡಿ" ಎಂದ.

ದಾರಿಯಲ್ಲಿ ಅತ್ತೆಯ ಪ್ರಶ್ನೆ: "ಒಂದು ದೇಶಕ್ಕೆ ಎರಡು ಮನೆ ಯಾಕೆ?"

"ಕೆಳಮನೆಗೆ ಜನ ನೇರವಾಗಿ ಓಟು ಹಾಕಿ ಕಳಿಸ್ತಾರೆ, ಐದು ವರ್ಷಕ್ಕೆ. ಅಲ್ಲಿ ಎಲ್ಲಾ ಬಿಸಿಬಿಸಿ. ಮೇಲ್ಮನೆಗೆ ಪ್ರಾಂತ್ಯಗಳು ಕಳಿಸ್ತವೆ. ಸ್ವಲ್ಪ ಸ್ವಲ್ಪ ಜನ ಬದಲಾಗ್ತಾರೇ ಹೊರತು ಮನೆ ಪೂರ್ತಿ ಖಾಲಿಯಾಗಲ್ಲ. ಅವರು ತಣ್ಣಗೆ ಯೋಚಿಸ್ತಾರೆ."

"ಒಬ್ರು ಅಡುಗೆ ಮಾಡೋರು, ಇನ್ನೊಬ್ರು ಉಪ್ಪು ಕಡಿಮೆ ಅನ್ನೋರು. ಗೊತ್ತಾಯ್ತು ಬಿಡಿ."

ಜೊತೆಗೆ ಹೊರಟಿದ್ದ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಪ್ರೇಕ್ಷಕರ ಗ್ಯಾಲರಿಗಳ ಕಾವಲುಗಾರನಿಗೆ 'ಚಿಲಕ' ಎಂದೇ ಅಡ್ಡಹೆಸರು. ಉಪಕಾರ ಮಾಡುವುದರಲ್ಲಿ ಎತ್ತಿದ ಕೈ, ಅದೂ ಕೇಳದಿದ್ದಾಗ. ತಾಯಿ ಮಗಳನ್ನು ಅವನೇ ಕೆಳಮನೆಯ ಗ್ಯಾಲರಿಯಲ್ಲಿ ಕೂರಿಸಿದ.

ಅಂದಿನದು ಹಾರ್ನ್ ಮಸೂದೆ. ಬೀದಿಯಲ್ಲಿ ಯಾರೂ ಹಾರ್ನ್ ಹೊಡೆಯಕೂಡದೆಂದು ಕೆಳಮನೆ ಒಪ್ಪಿತು. ಅಳಿಯ ಮಸೂದೆ ಹಿಡಿದು ಹೊರನಡೆದ. ಮೇಲ್ಮನೆಯಲ್ಲಿ ಬಾಗಿಲು ಬಡಿದ, ಕೂಗಿದ, ಎಲ್ಲ ಗಪ್‌ಚಿಪ್. ನೋಡಬೇಕಾದ ಅತ್ತೆ ಮಾತ್ರ ಇನ್ನೂ ಕೆಳಮನೆಯಲ್ಲಿ!

ಮೇಲ್ಮನೆಯ ಹಿರಿಯರು 'ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಮಾತ್ರ' ಎಂದು ತಿದ್ದಿ ಹಿಂದಕ್ಕೆ ಕಳಿಸಿದರು. ಸದ್ಯ, ಈ ಸಲ ಅತ್ತೆಯ ಮುಂದೆಯೇ ಪ್ರವೇಶ! ಬಾಗಿಲು ಬಡಿದು ಒಳಗೆ ಬಂದು ಕಣ್ಣೆತ್ತಿದರೆ ಗ್ಯಾಲರಿಯ ಕುರ್ಚಿಗಳು ಖಾಲಿ. ಚಿಲಕ ಆಗಲೇ ಅವರನ್ನು ಮೇಲ್ಮನೆಗೆ ದಾಟಿಸಿದ್ದ.

ಮೊಗಸಾಲೆಯಲ್ಲಿ ಅತ್ತೆ ಸಿಕ್ಕರು. "ಎರಡೂ ಕಡೆ ನೀವು ಹೊರಗೆ ಹೋಗೋದೇ ಕಂಡಿದ್ದು. ನಿಮ್ಮ ಬೆನ್ನು ಚೆನ್ನಾಗಿದೆ."

"ಅಯ್ಯೋ ಅತ್ತೆ, ಮೇಲ್ಮನೆಯಲ್ಲೇ ಕೂತಿರಿ, ಅಲ್ಲಾಡಬೇಡಿ!"

ಕೆಳಮನೆ ತಿದ್ದುಪಡಿಯನ್ನು ತಳ್ಳಿಹಾಕಿತು. ಅಳಿಯ ಮತ್ತೆ ಮೇಲ್ಮನೆಗೆ ಹೊರಟ. ಈ ಸಲ ಕೂಗಿದ ಕೂಗಿಗೆ ನಿದ್ದೆಯಲ್ಲಿದ್ದ ಇಬ್ಬರು ಸದಸ್ಯರು ಎದ್ದುನಿಂತರು. ಗ್ಯಾಲರಿ ಖಾಲಿ.

"ಆ ಕಡೆ ಫ್ಯಾನ್ ಜೋರಾಗಿದೆ ಅಂತ ನಾನೇ ಕೆಳಮನೆಗೆ ಕರ್ಕೊಂಡು ಹೋದೆ ಕಣಯ್ಯ. ನಿಮ್ಮತ್ತೆ ಬೆವರ್ತಿದ್ರು" ಎಂದ ಚಿಲಕ.

"ನಿನ್ನ ಉಪಕಾರಕ್ಕೆ ಬೆಂಕಿ ಬೀಳ!"

ಮೇಲ್ಮನೆ ಈಗಲೂ ಒಪ್ಪಲಿಲ್ಲ. ಮೂರು ಸಲ ಓಡಾಡಿದರೂ ರಾಜಿಯಾಗದಿದ್ದರೆ ಎರಡೂ ಸದನ ಒಟ್ಟಿಗೆ ಕೂರಬೇಕೆಂಬುದು ಅಲ್ಲಿಯ ನಿಯಮ. ಜಂಟಿ ಅಧಿವೇಶನವೆಂದು ಗಂಟೆ ಬಾರಿಸಿದರು. ಅಳಿಯನಿಗೆ ಸ್ವರ್ಗಕ್ಕೆ ಮೂರೇ ಗೇಣು. ದೊಡ್ಡ ಸಭಾಂಗಣ, ಎರಡೂ ಸದನದ ಸದಸ್ಯರು, ಒಂದೇ ಗ್ಯಾಲರಿ. ಇನ್ನು ಅತ್ತೆ ತಪ್ಪಿಸಿಕೊಳ್ಳುವುದೆಲ್ಲಿಗೆ? ಕೈಗವಸು ಕೊಡವಿ, ಬಾಗಿಲ ಮುಂದೆ ಮುಷ್ಟಿ ಎತ್ತಿದ.

"ಏನ್ರೀ ಅದು?" ಕಾರ್ಯದರ್ಶಿ ತಡೆದರು.

"ಸಂದೇಶ ಸರ್."

"ಯಾರಿಂದ ಯಾರಿಗೆ? ಇಬ್ರೂ ಇಲ್ಲೇ ಕೂತಿದ್ದಾರಲ್ರೀ! ಇವತ್ತಿಗೆ ನಿಮ್ಮ ಕೆಲಸ ಮುಗೀತು. ಹೋಗಿ, ಮೇಲೆ ಕೂತು ನೋಡಿ."

ಬಾಲ ಮುದುರಿಕೊಂಡು ಅತ್ತೆಯ ಪಕ್ಕ ಕೂತ. ಕೆಳಗೆ ಮತ ಎಣಿಸಿದರು. ಮಸೂದೆ ಪಾಸಾಯಿತು. ಸೋತವರೂ ಗೆದ್ದವರೂ ಎದ್ದುನಿಂತು ಮೇಜು ತಟ್ಟಿದಾಗ ಅವನು ಕೈಗವಸಿನಲ್ಲೇ ಕಣ್ಣೊರೆಸಿಕೊಂಡ. ಎಷ್ಟಾದರೂ ತನ್ನ ದೇಶ, ತನ್ನ ಸಂಸತ್ತು! ಪಕ್ಕಕ್ಕೆ ತಿರುಗಿದರೆ ಅತ್ತೆಯೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಷ್ಟು ಚೆಂದ ಅಳಿಯಂದ್ರೇ! ಹೆಮ್ಮೆ ಅನ್ನಿಸ್ತು."

"ಅಲ್ವಾ ಅತ್ತೆ?" ಅವನ ಮುಖ ಅರಳಿತು.

"ಹೂಂ. ಬೆಳಗ್ಗೆಯಿಂದ ಕಗ್ಗಂಟಾಗಿದ್ದ ಕೆಲಸ, ನೀವು ಮಧ್ಯದಿಂದ ಎದ್ದು ಬಂದಿದ್ದೇ ತಡ, ಮುಗಿದೇಹೋಯ್ತು ನೋಡಿ!"