ಯಂತ್ರಕ್ಕೆ ಮಲ್ಲಿಗೆ ಮುಡಿಸಬೇಡಿ

“ಮಿಕ್ಸಿಯ ಗುಂಡಿ ತಿರುಗಿಸಲು ಹೆದರುವವಳು ವಿಡಿಯೊ ಅಂಗಡಿ ಇಡುವುದಾ?” ಎಂದು ಮೊದಲು ಕೇಳಿದ್ದು ಅಕ್ಕನ ಗಂಡ, ನನ್ನ ಬಾವ. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಅದನ್ನೇ ಕುರ್ಚಿ ಕೊಟ್ಟು, ಮರ್ಯಾದೆಯಿಂದ ಹೇಳಿದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಗ್ಲಿಷ್ ಕಲಿತದ್ದು ಯಂತ್ರದ ಜೊತೆ ಬಂದ ಪುಸ್ತಕದಿಂದ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ಅದರಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ವಾಕ್ಯ ಇದು: ‘ಇದರೊಳಗೆ ನೀವು ರಿಪೇರಿ ಮಾಡುವಂಥದ್ದು ಏನೂ ಇಲ್ಲ, ಮುಚ್ಚಳ ತೆರೆಯಬೇಡಿ.’ ಕಂಪನಿಯವರಿಗೂ ಬಾವನಿಗೂ ನನ್ನ ಬಗ್ಗೆ ಒಂದೇ ಅಭಿಪ್ರಾಯ.

ಬನ್ನಂಜೆಯ ನನ್ನ ಅಂಗಡಿಯ ಕೆಲಸ ಇಷ್ಟೇ. ಜನ ಹಳೆಯ ವಿಡಿಯೊ ಕ್ಯಾಸೆಟ್ ತರುತ್ತಾರೆ, ನಾನು ಅದನ್ನು ಡಿಸ್ಕಿಗೆ ಇಳಿಸಿ ಕೊಡುತ್ತೇನೆ. ಒಂದು ಬದಿಗೆ ಕ್ಯಾಸೆಟ್, ಇನ್ನೊಂದು ಬದಿಗೆ ಡಿಸ್ಕ್ ಹಾಕುವ ಯಂತ್ರ ನನ್ನಲ್ಲಿರುವುದು ಒಂದೇ. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ, ಬಿಡಿಭಾಗವೂ ಸಿಗುವುದಿಲ್ಲ. ಅದು ಸತ್ತರೆ ನಾನು ಬಾಗಿಲು ಹಾಕಬೇಕು. ಹಾಗಾಗಿ ಅದನ್ನು ಕೊಲ್ಲಲು ಜನ ಒಬ್ಬರಾದ ಮೇಲೆ ಒಬ್ಬರು ಬರುತ್ತಲೇ ಇರುತ್ತಾರೆ, ಅದೂ ಪ್ರೀತಿಯಿಂದ.

ಅಲಂಕಾರ

ಪಕ್ಕದ ಹೂವಿನ ಅಂಗಡಿಯಾಕೆ ಮಲ್ಲಿಗೆಗೆ ಹೆಸರಾದ ಶಂಕರಪುರದವಳು. ಆಯುಧಪೂಜೆಯ ದಿನ ನಾನು ಹಾಲು ತರಲು ಹೋದಾಗ ಒಳಗೆ ಬಂದು, ಒಳ್ಳೆಯ ಮಲ್ಲಿಗೆಯನ್ನೇ ಆರಿಸಿ, ಬಾಡಬಾರದೆಂದು ನೀರು ಚಿಮುಕಿಸಿ, ಯಂತ್ರದ ತಲೆಯ ಮೇಲೆ ಸುತ್ತಿಟ್ಟಿದ್ದಾಳೆ. ಸರಿಯಾಗಿ ಗಾಳಿಯ ಸೀಳುಗಳ ಮೇಲೆ. ನಾನು ಕಿರುಚಿದೆ.

“ಎಂತ ಅಕ್ಕ, ಅದು ಮಲ್ಲಿಗೆ, ಆಸಿಡ್ ಅಲ್ಲ!”

“ಅದು ಯಂತ್ರ ಉಸಿರಾಡುವ ಜಾಗ ಮಾರಾಯ್ತಿ!”

“ಒಳ್ಳೆಯದೇ ಆಯ್ತಲ್ವಾ? ಪರಿಮಳ ಒಳಗೆ ಹೋಗ್ತದೆ.”

ಪರಿಮಳದ ಜೊತೆ ನೀರೂ ಹೋಗಿತ್ತು. ಪ್ಲಗ್ ಕಿತ್ತು, ಇಡೀ ದಿನ ಟೇಬಲ್ ಫ್ಯಾನಿನ ಎದುರು ಯಂತ್ರವನ್ನು ಕೂರಿಸಿ, ನಾನು ಸೆಕೆಯಲ್ಲಿ ಕೂತೆ. ಮರುದಿನ ಅದು ಎಂದಿನಂತೆ ಓಡಿತು. ಆಕೆ ಇಣುಕಿ ನೋಡಿ ಹೇಳಿದಳು: “ನೋಡಿದಿರಾ ಅಕ್ಕ, ಪೂಜೆಯ ಶಕ್ತಿ!”

ಮುಖ ಯಾವುದು?

ಕಾರ್ಕಳದ ಒಬ್ಬರು, ಗಲ್ಫಿನಿಂದ ರಜೆಯಲ್ಲಿ ಬಂದವರು, ನಾನು ಮಾಡಿಕೊಟ್ಟ ಡಿಸ್ಕನ್ನು ವಾಪಸು ತಂದರು. ಓಡುವುದಿಲ್ಲವಂತೆ. ಡಬ್ಬಿ ತೆರೆದೆ. ಡಿಸ್ಕಿನ ಹೊಳೆಯುವ ಬದಿಯ ನಡುವೆ ಗಂಧ, ಅದರ ಮೇಲೆ ಕುಂಕುಮ.

“ಮೊದಲ ಸಲ ಹಾಕುವುದಲ್ವಾ, ಅಮ್ಮ ಬೊಟ್ಟು ಇಟ್ಟರು.”

“ಇಡಲೇಬೇಕಾದರೆ ಹೆಸರು ಬರೆದ ಬದಿಗೆ ಇಡಿ. ಯಂತ್ರ ಓದುವುದು ಈ ಬದಿಯನ್ನು.”

“ಮುಖ ಯಾವುದು ಅಂತ ಅಮ್ಮ ಕೇಳಿದರು. ಹೊಳೆಯುವುದೇ ಮುಖ ಅಂದೆ.”

ಮೆತ್ತನೆಯ ಬಟ್ಟೆಯನ್ನು ಒದ್ದೆ ಮಾಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಸುತ್ತ ಸುತ್ತ ಉಜ್ಜಿದರೆ ಗೀರು ಬೀಳುತ್ತದೆ. ಒರೆಸುತ್ತಾ ನನಗೆ ಒಂದು ಸಂಶಯ ಬಂತು.

“ಮನೆಯ ಪ್ಲೇಯರಿಗೆ ಬೊಟ್ಟು ಇಡಲಿಲ್ಲವಷ್ಟೇ?”

“ಹೊರಗೆ ಇಡಲಿಲ್ಲ, ಗಲೀಜು ಕಾಣ್ತದೆ. ಒಳಗೆ ಒಂದು ಸಣ್ಣ ಗಾಜಿನ ಕಣ್ಣು ಉಂಟಲ್ವಾ, ಅದಕ್ಕೆ ಇಟ್ಟೆವು.”

ಡಬ್ಬಿಂಗ್

ಕ್ಯಾಸೆಟ್‌ನಿಂದ ಡಿಸ್ಕಿಗೆ ಇಳಿಸುವ ಗುಂಡಿಯ ಮೇಲೆ ‘ಡಬ್ಬಿಂಗ್’ ಎಂದು ಬರೆದಿದೆ. ನಾನೂ ಬೋರ್ಡಿನಲ್ಲಿ ಹಾಗೆಯೇ ಬರೆಸಿದೆ. ಮಣಿಪಾಲದಿಂದ ಒಬ್ಬ ಗೃಹಸ್ಥರು ತಮ್ಮ ಮದುವೆಯ ಕ್ಯಾಸೆಟ್ ತಂದು, ಅತ್ತಿತ್ತ ನೋಡಿ, ಸ್ವರ ತಗ್ಗಿಸಿದರು.

“ಡಬ್ಬಿಂಗ್ ಯಾವ ಭಾಷೆಗೂ ಆಗ್ತದಾ?”

“ಎಂತ?”

“ಇದರಲ್ಲಿ ಧಾರೆಯ ಹೊತ್ತಿಗೆ ನನ್ನ ತಂದೆ ಹಿಂದೆ ನಿಂತು ಅಡುಗೆಯವರಿಗೆ ತುಳುವಿನಲ್ಲಿ ಬೈತಾರೆ. ಎಲ್ಲ ಕೇಳ್ತದೆ. ನಮ್ಮ ಹೊಸ ಸೊಸೆ ಮೈಸೂರಿನವಳು. ಆ ಭಾಗ ಮಾತ್ರ ಸ್ವಲ್ಪ ಗೌರವದ ಕನ್ನಡಕ್ಕೆ…”

“ಸೊಸೆಗೆ ತುಳು ಬರುತ್ತದಾ?”

“ಇಲ್ಲ.”

“ಮತ್ತೆ ಹೆದರಿಕೆ ಎಂತಕ್ಕೆ? ಅಜ್ಜ ಮಂತ್ರ ಹೇಳ್ತಿದ್ದಾರೆ ಅಂತ ಹೇಳಿ.”

ತಿಂಗಳ ನಂತರ ಅವರೇ ಸಿಕ್ಕಿದರು. ಮುಖ ಸಣ್ಣದಾಗಿತ್ತು. ಸೊಸೆ ಆ ಮಂತ್ರವನ್ನು ಬಾಯಿಪಾಠ ಮಾಡಿ, ದೇವರ ಕೋಣೆಯಲ್ಲಿ ಹೇಳಿದಳಂತೆ.

ಎರಡು ಮಾತು

ಕಾಪುವಿನಿಂದ ಮೀನು ಮಾರುವ ಒಬ್ಬ ಹೆಂಗಸು ಬಂದರು. ಮಗಳ ನಾಮಕರಣದ ಕ್ಯಾಸೆಟ್. ಗಂಡ ತೀರಿಹೋಗಿ ಬಹಳ ವರ್ಷವಾಗಿದೆ.

“ಅವರ ಸ್ವರ ಇರುವುದು ಇದರಲ್ಲಿ ಮಾತ್ರ ಅಕ್ಕ” ಎಂದರು.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಸ್ಟು ಕಾಣುತ್ತಿತ್ತು. ಬೂಸ್ಟು ಹಿಡಿದದ್ದನ್ನು ಹಾಕಲೇಬಾರದು ಎಂದು ಪುಸ್ತಕ ದಪ್ಪ ಅಕ್ಷರದಲ್ಲಿ ಹೇಳುತ್ತದೆ. ನಾನೂ ಅದನ್ನೇ ಹೇಳಿದೆ.

“ಸರಿ” ಎಂದು ಆಕೆ ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು. ಜಗಳ ಮಾಡಿದ್ದರೆ ನಾನು ಕಳುಹಿಸಿಬಿಡುತ್ತಿದ್ದೆ. ಸುಮ್ಮನೆ ಎದ್ದರು ನೋಡಿ, “ಕೊಡಿ ಇಲ್ಲಿ” ಎಂದೆ.

ಆದಷ್ಟು ಒರೆಸಿ ಹಾಕಿದೆ. ಸ್ವಲ್ಪ ಓಡಿ, ಯಂತ್ರ ಗೊರ್ ಎಂದು ನಿಂತಿತು. ಟೇಪು ಒಳಗೆಲ್ಲೋ ಸುತ್ತಿಕೊಂಡಿದೆ. ಜೋರಾಗಿ ಎಳೆದರೆ ಯಂತ್ರ ಉಳಿಯುತ್ತದೆ, ಟೇಪಿನ ಜೊತೆ ಗಂಡನ ಸ್ವರವೂ ಹರಿದುಹೋಗುತ್ತದೆ. ಮುಚ್ಚಳ ತೆರೆದರೆ ಎರಡೂ ಉಳಿದಾವು, ಎರಡೂ ಹೋದಾವು. ಪ್ಲಗ್ ತೆಗೆದೆ. ಒಳಗಿನ ಕರೆಂಟು ಇಳಿಯಲೆಂದು ಕಾದೆ. ಸ್ಕ್ರೂಡ್ರೈವರ್ ಹುಡುಕುವುದನ್ನು ನೋಡಿ ಆಕೆ ಚೀಲದಿಂದ ಮೀನು ಕೊಯ್ಯುವ ಕತ್ತಿ ತೆಗೆದರು. “ಇದು ಆಗ್ತದಾ?”

ಆಯಿತು, ಅದರ ತುದಿಯಿಂದಲೇ ಮುಚ್ಚಳ ಎಬ್ಬಿಸಿದೆ. ಅವರು ಮೊಬೈಲಿನ ಬೆಳಕು ಹಿಡಿದರು, ನಾನು ಬೆರಳಿನಿಂದ ಟೇಪನ್ನು ಒಂದೊಂದು ಸುತ್ತಾಗಿ ಬಿಡಿಸಿದೆ. ಮತ್ತೆ ಹಾಕಿದೆ. ಓಡಿತು.

ತೊಟ್ಟಿಲ ಪಕ್ಕ ಬಿಳಿ ಪಂಚೆ ಉಟ್ಟ ಗಂಡಸು. ಕ್ಯಾಮೆರಾದವನ ಸ್ವರ: “ಮಗಳ ಬಗ್ಗೆ ಎರಡು ಮಾತು ಹೇಳಿ.” ಆತ ತೊಟ್ಟಿಲು ನೋಡಿದರು, ತಲೆಯೆತ್ತಿ ಮನೆಯ ಮಾಡು ನೋಡಿದರು, ಕೊನೆಗೆ ನಮ್ಮನ್ನೇ ನೋಡಿದರು.

“ಬಂದ್ ಮಾಡು ಮಾರಾಯ, ಊಟ ತಣಿಯುತ್ತದೆ.”

ಅಷ್ಟೇ. ಪರದೆ ಕಪ್ಪಾಯಿತು.

ಆಕೆ ಅಳುತ್ತಾರೆಂದು ನಾನು ನೀರಿನ ಲೋಟ ಹಿಡಿದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುವಷ್ಟು.

“ಇವರೇ ಅಕ್ಕ, ಸಂಶಯವೇ ಇಲ್ಲ. ಸಂಸಾರ ಮಾಡಿದಷ್ಟು ಕಾಲವೂ ಇಷ್ಟೇ ಮಾತಾಡಿದ್ದು. ಇನ್ನೊಮ್ಮೆ ಹಾಕಿ.”

ಈಗ ನನ್ನ ಸ್ವಂತದ್ದೆಂದು ಒಂದು ಅಂಗಡಿ ಉಂಟು, ಮುಚ್ಚಳ ಸರಿಯಾಗಿ ಕೂರದ ಒಂದು ಯಂತ್ರ ಉಂಟು. ಅಂಗಡಿಗೆ ಹೋದದ್ದು ಮೈಮೇಲಿನ ಚಿನ್ನ, ಯಂತ್ರಕ್ಕೆ ಹೋದದ್ದು ಕಣ್ಣು. ಚಿನ್ನ ವಾಪಸು ಬಂದಿಲ್ಲ. ಕಣ್ಣಿಗೆ ಕನ್ನಡಕ ಬಂದಿದೆ.