ಹನ್ನೆರಡು ಸೊಟ್ಟ ಲೋಟಗಳ ರದ್ದತಿಯ ವಿಚಾರ

ಕೈಯಿಂದ ಮಾಡಿದ ವಸ್ತುಗಳನ್ನು ಮಾರುವ ಆನ್‌ಲೈನ್ ಮಳಿಗೆಯಲ್ಲಿ ಪ್ರತಿ ಸೋಮವಾರ ಪ್ರಕಟವಾಗುವ ‘ಈ ವಾರ ಗ್ರಾಹಕರು ಅತಿ ಹೆಚ್ಚು ಹುಡುಕಿದ ಪದಗಳು’ ಎಂಬ ಪಟ್ಟಿಯವರ ಸನ್ನಿಧಿಗೆ,

ಮಾನ್ಯರೇ,

ತಮಗೆ ನನ್ನ ನಮಸ್ಕಾರಗಳು. ತಾವು ಗಂಡಸೋ ಹೆಂಗಸೋ, ಒಬ್ಬರೋ ಹಲವರೋ, ಅಥವಾ ನನ್ನ ಮೊಮ್ಮಗಳು ಹೇಳುವಂತೆ ಎಲ್ಲೋ ಒಂದು ತಣ್ಣನೆಯ ಕೋಣೆಯಲ್ಲಿ ಗುಂಯ್‌ಗುಟ್ಟುತ್ತ ಕೂತಿರುವ ಯಂತ್ರವೋ ನನಗೆ ತಿಳಿಯದು; ಆದ್ದರಿಂದ ಯಾರಿಗಾದರೂ ಸಲ್ಲಲಿ ಎಂದು ಮಾನ್ಯರೇ ಎಂದಿದ್ದೇನೆ. ನಾನು ಶಾಲೆಗೆ ಹೋದದ್ದು ನಾಲ್ಕನೇ ತರಗತಿಯವರೆಗೆ, ಅಲ್ಲಿ ಕಲಿಸಿದ್ದು ರಜೆ ಕೇಳುವ ಪತ್ರ ಒಂದೇ. ಹಾಗಾಗಿ ಈ ಬರವಣಿಗೆಯಲ್ಲಿ ಎಲ್ಲಾದರೂ ನಾನು ಜ್ವರದಿಂದ ಬಳಲುತ್ತಿರುವಂತೆ ಕಂಡರೆ ಅಭ್ಯಾಸಬಲವೆಂದು ಮನ್ನಿಸಬೇಕು. ತಾವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನಾನೂ ಆರೋಗ್ಯವಾಗಿದ್ದೇನೆ. ನಮ್ಮ ಅಂಗಡಿಗೆ ಬಂದಿರುವ ಕಷ್ಟಕ್ಕೆಲ್ಲ ಅದೇ ಕಾರಣವಾಗಿರುವುದರಿಂದ ಸ್ವಲ್ಪ ವಿವರವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ನಾನೂ ಮೊಮ್ಮಗಳೂ ಮಣ್ಣಿನ ಲೋಟ, ಬಟ್ಟಲು ಮಾಡುವವರು. ಬೀದಿ ಕಡೆಯ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಮಣ್ಣು ತಿರುಗಿಸುವ ಎರಡು ತಿಗರಿಗಳಿವೆ, ಹಿತ್ತಲಲ್ಲಿ ಭಟ್ಟಿ ಇದೆ, ನಡುವೆ ನಾವು ಊಟ ಮಾಡುವ ಜಾಗ. ಮೊದಲು ಲೋಟಗಳನ್ನು ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದೆವು. ಹೋಗುವವರು ನೋಡುತ್ತಿದ್ದರು, ಬೇಕಾದವರು ಒಳಗೆ ಬರುತ್ತಿದ್ದರು. ಈಗ ಬೀದಿಯಲ್ಲಿ ನಡೆಯುವವರು ಕಿಟಕಿ ನೋಡುವುದಿಲ್ಲ, ಅಂಗೈ ನೋಡಿಕೊಂಡು ನಡೆಯುತ್ತಾರೆ. ಆದ್ದರಿಂದ ಮೊಮ್ಮಗಳು ಅಂಗಡಿಯನ್ನು ಅವರ ಅಂಗೈಯೊಳಕ್ಕೇ ಹೊಗಿಸಿದಳು. ಅವಳ ಜಾಣತನಕ್ಕೆ ನಾನು ಅಡ್ಡ ಬಂದವಳಲ್ಲ. ತಮ್ಮ ಪರಿಚಯವಾದದ್ದು ಹಾಗೆ.

ತಮ್ಮ ಜ್ಞಾನದ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆಯೇ. ಸೋಮವಾರ ಬೆಳಿಗ್ಗೆ ನಾನು ಮಣ್ಣು ನಾದುತ್ತಿರುವಾಗ ಮೊಮ್ಮಗಳು ತಮ್ಮ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾಳೆ. ಒಂದು ಚಳಿಗಾಲವಿಡೀ ತಾವು ಅಣಬೆ ಎಂದಿರಿ. ನಾವು ಅಣಬೆಯ ಚಿತ್ರದ ಲೋಟ ಮಾಡಿದೆವು, ಅಣಬೆಯಾಕಾರದ ಮುಚ್ಚಳ ಮಾಡಿದೆವು, ಕೊನೆಗೆ ಹಿಡಿಯೂ ಅಣಬೆಯಾಯಿತು. "ಅಜ್ಜಿ, ಈ ವಾರಾನೂ ಅಣಬೇನೇ" ಎಂದು ಅವಳು ಹೇಳುವಾಗಿನ ಮುಖ ನೋಡಿದ್ದರೆ ತಾವು ಒಂದು ವಾರವಾದರೂ ಬದನೆಕಾಯಿ ಎನ್ನುತ್ತಿದ್ದಿರಿ. ಸಾವಿರ ಅಣಬೆ ಬರೆದು ಅವಳ ಕೈ ಪಳಗುವಷ್ಟರಲ್ಲಿ ತಾವು ಅಣಬೆಯನ್ನು ಬಿಟ್ಟು ‘ಮಂಜಿನ ಬಣ್ಣ’ ಎಂದಿರಿ. ಮಂಜಿಗೆ ಯಾವ ಬಣ್ಣ ಎಂದು ಅವಳನ್ನು ಕೇಳಿದೆ. ಅವಳು ಮೂರು ಬಗೆಯ ಬೂದುಬಣ್ಣ ಕಲಸಿ ತೋರಿಸಿದಳು. ಮೂರೂ ನನ್ನ ಕಣ್ಣಿಗೆ ನೆಲ ಒರೆಸಿದ ನೀರಿನ ಹಾಗೆಯೇ ಕಂಡವು. ಆದರೆ ಗ್ರಾಹಕರಿಗೆ ಮಂಜೇ ಕಂಡಿತು. ಕಾಣಿಸಿದವರು ತಾವು.

ಆಮೇಲೆ ‘ಅಜ್ಜಿ ಶೈಲಿ’ ಬಂತು. ನಾನು ಸೆರಗು ಸರಿಮಾಡಿಕೊಂಡು ಕೂತೆ, ಇನ್ನೇನು ನಮ್ಮ ಕಾಲ ಬಂತು ಎಂದು. ಮೊಮ್ಮಗಳು ಆ ಪದದ ಕೆಳಗಿದ್ದ ಚಿತ್ರಗಳನ್ನು ತೋರಿಸಿದಳು. ಇಪ್ಪತ್ತೈದು ವರ್ಷದ ಹುಡುಗಿಯೊಬ್ಬಳು ಮಂಡಿ ಮಡಚಿ ನೆಲದ ಮೇಲೆ ಕೂತು, ಯಾರ ಸಹಾಯವೂ ಇಲ್ಲದೆ ಏಳುವಂಥ ಲಕ್ಷಣದವಳು, ಹೂವಿನ ಲೋಟ ಹಿಡಿದು ನಗುತ್ತಿದ್ದಳು. ನನ್ನ ಲೋಟ ‘ಅಜ್ಜಿ ಶೈಲಿ’ಗೆ ಸೇರುವುದಿಲ್ಲವಂತೆ, ತೀರಾ ಸಾದಾ ಆಯಿತಂತೆ. ಅರವತ್ತು ವರ್ಷ ತಿಗರಿಯ ಮುಂದೆ ಕೂತು ಮೂವರು ಮೊಮ್ಮಕ್ಕಳನ್ನು ಎತ್ತಿ ಆಡಿಸಿಯೂ ಅಜ್ಜಿಯಾಗಲು ಬೇಕಾದ ಅರ್ಹತೆ ನನಗೆ ಬಂದಿಲ್ಲವೆಂದು ತಿಳಿಸಿಕೊಟ್ಟ ತಮ್ಮ ಉಪಕಾರವನ್ನು ಹೇಗೆ ತೀರಿಸಲಿ?

ಹೆಸರಿಡುವುದನ್ನೂ ತಾವೇ ಕಲಿಸಿದಿರಿ. ನಮ್ಮಲ್ಲಿ ಲೋಟಕ್ಕೆ ಲೋಟ ಎನ್ನುತ್ತಿದ್ದೆವು. ಈಗ ‘ಕೈಯಿಂದ ಮಾಡಿದ ಮಣ್ಣಿನ ಕಾಫಿ ಲೋಟ ಚಹಾ ಲೋಟ ಗೆಳತಿಗೆ ಉಡುಗೊರೆ ಮೇಲಧಿಕಾರಿಗೆ ಉಡುಗೊರೆ ಬೆಕ್ಕು ಸಾಕುವವರಿಗೆ ಉಡುಗೊರೆ’ ಎಂದು ಕರೆಯಬೇಕು. ಹೆಸರು ಪೂರ್ತಿ ಹೇಳುವಷ್ಟರಲ್ಲಿ ಒಳಗಿನ ಕಾಫಿ ಆರಿರುತ್ತದೆ. "ಇಷ್ಟೆಲ್ಲ ಯಾಕೇ?" ಎಂದರೆ, "ಯಾವ ಪದ ಹಾಕಿ ಹುಡುಕ್ತಾರೋ ಯಾರಿಗ್ಗೊತ್ತು ಅಜ್ಜಿ, ಎಲ್ಲ ಹಾಕಿದ್ರೇನೇ ನಾವು ಕಾಣೋದು" ಎನ್ನುತ್ತಾಳೆ. ಕಾಣದಿದ್ದರೆ ನಾವಿಲ್ಲ. ಕಿಟಕಿಗೆ ಗಿರಾಕಿ ಬರುವುದು ನಿಂತು ಮೂರು ವರ್ಷವಾಯಿತು. ಮನೆಯ ಒಲೆ ಉರಿಯುವುದೂ ಹಿತ್ತಲ ಭಟ್ಟಿ ಉರಿಯುವುದೂ ತಮ್ಮ ಪಟ್ಟಿಯ ಪದ ಹಾಕಿ ಹುಡುಕುವವರಿಗೆ ನಾವು ಕಂಡರೆ ಮಾತ್ರ. ಇದು ಗೊತ್ತಿದ್ದೇ ಅಣಬೆಗೂ ಮಂಜಿಗೂ ಬೆಕ್ಕಿಗೂ ಬಾಯಿ ಮುಚ್ಚಿಕೊಂಡಿದ್ದೆ. ನಾನು ಬಾಯಿ ಮುಚ್ಚಿಕೊಂಡದ್ದನ್ನು ನೋಡಿದವರು ಈ ಬೀದಿಯಲ್ಲಿ ಹೆಚ್ಚು ಜನರಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನನ್ನ ಬಲಗೈ ನಡುಗತೊಡಗಿತು. ತಿಗರಿಯ ಕೆಲಸ ತಮಗೆ ಗೊತ್ತಿರಲಾರದು, ಹೇಳುತ್ತೇನೆ: ಮುದ್ದೆಯನ್ನು ನಡುಮಧ್ಯ ಕೂರಿಸಿ, ತಿರುಗುವಾಗ ಬೆರಳಿನಿಂದ ಗೋಡೆ ಏರಿಸಿ, ಕೊನೆಗೆ ಬಾಯಿಯ ಅಂಚನ್ನು ಒಂದೇ ಉಸಿರಿನಲ್ಲಿ ಸವರಿ ಬಿಡಬೇಕು. ಆ ಒಂದು ಉಸಿರಿನಲ್ಲಿ ಕೈ ಅಲುಗಿದರೆ ಲೋಟದ ಬಾಯಿ ಸೊಟ್ಟ. ಸೊಟ್ಟಗಾದದ್ದನ್ನು ಹಸಿಯಿರುವಾಗಲೇ ಬಕೆಟ್ಟಿಗೆ ಹಾಕಿ ಮತ್ತೆ ಮಣ್ಣಾಗಿಸುವುದು ನಮ್ಮ ಮನೆಯ ಕ್ರಮ. ಮೊಮ್ಮಗಳ ಕೈಯಲ್ಲಿ ಎಂಟು ವರ್ಷ ಹಾಗೆ ಹಾಕಿಸಿದ್ದೇನೆ, ಅವಳು ಅತ್ತರೂ ಬಿಟ್ಟಿಲ್ಲ. ನನ್ನದೇ ಲೋಟಗಳು ಸೊಟ್ಟಗಾದಾಗ ಮಾತ್ರ ಬಕೆಟ್ಟಿಗೆ ಹಾಕಲು ಕೈ ಬರಲಿಲ್ಲ. ನಾಲ್ಕನ್ನು ಅವಳಿಗೆ ಗೊತ್ತಾಗದ ಹಾಗೆ ಭಟ್ಟಿಯ ಹಿಂದಿನ ಸಾಲಿನಲ್ಲಿಟ್ಟು ಸುಟ್ಟು, ಮಣ್ಣಿನ ಚೀಲಗಳ ಹಿಂದೆ ಬಚ್ಚಿಟ್ಟೆ.

ಅವಳು ಚೀಲ ಎಳೆಯುವಾಗ ಅವು ಸಿಕ್ಕವು. ಅದೇ ಸೋಮವಾರ ತಮ್ಮ ಪಟ್ಟಿಯಲ್ಲಿ ಮೊದಲ ಪದ ಏನಿತ್ತು ಎಂದು ನಾನು ನೆನಪಿಸಬೇಕಿಲ್ಲ: ‘ಸೊಟ್ಟ ಲೋಟ’. ಅದರ ಕೆಳಗೆ ‘ಕುಂದೇ ಚಂದ’, ‘ನಡುಗುವ ಅಂಚು’. ತಮ್ಮ ದೂರದೃಷ್ಟಿ ನಮ್ಮ ಮನೆಯ ಮಣ್ಣಿನ ಚೀಲದ ಹಿಂದಿನವರೆಗೂ ತಲುಪುತ್ತದೆ ಎಂದು ಆವತ್ತು ಗೊತ್ತಾಯಿತು.

ನಾಲ್ಕೂ ಲೋಟ ಮಧ್ಯಾಹ್ನದೊಳಗೆ ಮಾರಿಹೋದವು. ನಾನು ನಾಚಿಕೆಪಟ್ಟು ಮುಚ್ಚಿಟ್ಟದ್ದನ್ನು ಕಂಡರಿಯದ ಜನ ತಲೆಯ ಮೇಲೆ ಹೊತ್ತು ಮೆರೆದರು. ಒಬ್ಬರು ‘ಇಷ್ಟು ಸಹಜವಾದ ಸೊಟ್ಟತನವನ್ನು ನಾನು ಎಲ್ಲೂ ಕಂಡಿಲ್ಲ’ ಎಂದು ಬರೆದರು. ಇನ್ನೊಬ್ಬರು ‘ಇದರಲ್ಲಿ ಕಾಫಿ ಕುಡಿದರೆ ಅರ್ಧ ಎದೆಯ ಮೇಲೆ ಬೀಳುತ್ತದೆ, ಬಹಳ ಇಷ್ಟವಾಯಿತು’ ಎಂದರು. ಅವರ ಬಟ್ಟೆ ಒಗೆಯುವವರು ಏನೆಂದರೋ ಬರೆದಿರಲಿಲ್ಲ. ಒಂದು ವಾರದಲ್ಲಿ ಹನ್ನೆರಡು ಮಂದಿ ಮುಂಗಡವಾಗಿ ಕೇಳಿದರು, ಅಂಥದ್ದೇ ಬೇಕು ಎಂದು. ತಾವು ಸಂತೋಷಪಟ್ಟು ನಮ್ಮ ಅಂಗಡಿಯ ಹೆಸರಿನ ಪಕ್ಕ ಒಂದು ನಕ್ಷತ್ರ ಅಂಟಿಸಿದಿರಿ. ಮೊಮ್ಮಗಳು ಅದನ್ನು ನನಗೆ ತೋರಿಸುವಾಗ ಕುಣಿದುಬಿಟ್ಟಳು. ಅದನ್ನು ಮರೆತಿಲ್ಲ, ಋಣ ಋಣವೇ.

ಆ ಹನ್ನೆರಡನ್ನು ಮೊದಲು ಅವಳೇ ಮಾಡಲು ಕೂತಳು. ಪಾಪ, ಆಗಲಿಲ್ಲ. ಎಂಟು ವರ್ಷ ನೆಟ್ಟಗೆ ಮಾಡಿದ ಕೈ, ಎಲ್ಲಿಂದ ಸೊಟ್ಟ ತರಬೇಕು? ಕಣ್ಣು ಮುಚ್ಚಿ ಮಾಡಿದಳು, ಮೊಣಕೈಯಿಂದ ಒತ್ತಿದಳು, ಒಂದು ಕಾಲಲ್ಲಿ ನಿಂತೂ ನೋಡಿದಳು. ಮೊದಲ ಗಿರಾಕಿಗೆ ಒಂದನ್ನು ಕಳಿಸಿದಳು, ಅವರು ‘ಬೇಕೆಂದೇ ಸೊಟ್ಟ ಮಾಡಿದಂತಿದೆ, ಭಾವನೆ ಇಲ್ಲ’ ಎಂದು ಹಿಂದಕ್ಕೆ ಕಳಿಸಿದರು. ಕೊರಿಯರಿನವನು ಪೆಟ್ಟಿಗೆ ಇಳಿಸುತ್ತಾ, "ಏನಮ್ಮಾ, ಒಡೆದುಹೋಗಿತ್ತಾ?" ಎಂದು ಕೇಳಿದ. "ಇಲ್ಲಪ್ಪಾ, ಸಾಕಷ್ಟು ಕೆಟ್ಟಿರಲಿಲ್ಲವಂತೆ" ಎಂದೆ. ಅವನು ನನ್ನನ್ನೇ ಒಮ್ಮೆ ದಿಟ್ಟಿಸಿ ನೋಡಿ ಸಹಿ ಹಾಕಿಸಿಕೊಂಡು ಹೋದ.

ಇದರ ನಡುವೆ ನನ್ನನ್ನು ಡಾಕ್ಟರಲ್ಲಿಗೆ ಕರೆದೊಯ್ದವಳೂ ಅವಳೇ ಎನ್ನುವುದನ್ನು ತಾವು ದಯವಿಟ್ಟು ಬರೆದುಕೊಳ್ಳಬೇಕು. ನಾನು ಬೇಡ ಎಂದೆ. ಅವಳು ಬಿಡಲಿಲ್ಲ. ಡಾಕ್ಟರು ದಿನಾ ಬೆಳಿಗ್ಗೆ ಒಂದು ಮಾತ್ರೆ ಎಂದರು. ಹತ್ತು ದಿನಕ್ಕೆ ಕೈ ಮಾತು ಕೇಳತೊಡಗಿತು. ರವಿಕೆಯ ಗುಂಡಿಯನ್ನು ನಾನೇ ಹಾಕಿಕೊಂಡೆ. ಸೂಜಿಗೆ ದಾರ ಪೋಣಿಸಿ, ಹೊಲಿಯುವುದು ಏನೂ ಇಲ್ಲದ್ದರಿಂದ ಬಿಚ್ಚಿ ಮತ್ತೆ ಪೋಣಿಸಿದೆ. ತಿಗರಿಗೆ ಕೂತು ಅಂಚು ಸವರಿದೆ; ಲೋಟ ನೆಟ್ಟಗೆ ನಿಂತಿತು, ತುದಿಯವರೆಗೆ ನೀರು ತುಂಬಿಸಿದರೂ ಒಂದು ಕಡೆಗೆ ವಾಲದ ಹಾಗೆ. ಅರವತ್ತು ವರ್ಷದಲ್ಲಿ ಎಷ್ಟು ಲೋಟ ಮಾಡಿದ್ದೇನೋ ಲೆಕ್ಕವಿಲ್ಲ, ಒಂದನ್ನೂ ಹಾಗೆ ನೋಡುತ್ತಾ ಕೂತಿರಲಿಲ್ಲ.

ಹನ್ನೆರಡು ಲೋಟಕ್ಕೆ ಕೊಟ್ಟ ಗಡುವು ಹತ್ತಿರ ಬಂತು. ಒಂದು ಬೆಳಿಗ್ಗೆ ಮೊಮ್ಮಗಳು ನನ್ನ ಮುಂದೆ ತಿಂಡಿಯ ತಟ್ಟೆ ಇಟ್ಟು, ನೀರಿನ ಲೋಟ ಇಟ್ಟು, ಮಾತ್ರೆಯ ಡಬ್ಬಿಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು, "ಅಜ್ಜಿ, ಇವತ್ತೊಂದಿನ ಮಾತ್ರೆ ಮಧ್ಯಾಹ್ನಕ್ಕೆ ತಗೊಂಡ್ರೆ ಏನಾದ್ರೂ ಆಗುತ್ತಾ?" ಎಂದಳು. ಹೇಳಿ ಮುಗಿಸುವ ಮೊದಲೇ ಕಿವಿಯವರೆಗೆ ಕೆಂಪಾಗಿ, ನಾಲಿಗೆ ಕಚ್ಚಿಕೊಂಡಳು.

ಮಾನ್ಯರೇ, ಆ ಮಾತು ಅವಳದ್ದಲ್ಲ. ಅವಳು ಹುಟ್ಟಿದಾಗಿನಿಂದ ನಾನು ಅವಳ ಮಾತು ಕೇಳಿದ್ದೇನೆ. ಸುಳ್ಳು, ಸಿಟ್ಟು, ಹಟ ಎಲ್ಲವೂ ನನಗೆ ಪರಿಚಯ. ಅದು ತಮ್ಮ ಮಾತು. ತಾವು ಅಷ್ಟು ವಾರ ಅವಳ ಬಾಯಲ್ಲಿ ಓದಿಸಿ ಓದಿಸಿ, ಕೊನೆಗೆ ಪಟ್ಟಿ ಇಲ್ಲದೆಯೂ ಅವಳ ಬಾಯಿಂದ ಮಾತಾಡುವುದನ್ನು ಕಲಿತಿರಿ. ಇಂಥ ಪ್ರತಿಭೆಗೆ ನಾನು ತಲೆಬಾಗುತ್ತೇನೆ.

ನಾನೂ ಕಡಿಮೆಯವಳಲ್ಲ. "ಏನಾಗುತ್ತೆ, ಏನೂ ಆಗಲ್ಲ ಬಾ" ಎಂದು ಮಾತ್ರೆ ಬಿಟ್ಟೆ. ಮಧ್ಯಾಹ್ನದೊಳಗೆ ಹನ್ನೆರಡು ಲೋಟ ಹಲಗೆಯ ಮೇಲೆ ಕೂತವು, ಒಂದಕ್ಕಿಂತ ಒಂದು ಸೊಟ್ಟ. ಎಲ್ಲವೂ ಅಪ್ಪಟ, ಭಾವನೆ ತುಂಬಿ ತುಳುಕುತ್ತಿತ್ತು. ಊಟಕ್ಕೆ ಕೂತಾಗ ಚಮಚ ಬಾಯಿಯವರೆಗೆ ಬರಲಿಲ್ಲ. ಸಾರು ಮಡಿಲಿಗೆ ಚೆಲ್ಲಿತು, ಎರಡನೇ ಸಲವೂ ಚೆಲ್ಲಿತು. ನಾನು ಅದನ್ನೊಂದು ತಮಾಷೆ ಮಾಡೋಣ ಎಂದುಕೊಂಡೆ, ತಮಾಷೆಯೂ ಬಾಯಿಯವರೆಗೆ ಬರಲಿಲ್ಲ. ಅವಳು ಎದ್ದು ನನ್ನ ಮಡಿಲು ಒರೆಸಿ, ಮಾತ್ರೆ ನುಂಗಿಸಿ, ತುತ್ತು ಮಾಡಿ ಉಣ್ಣಿಸಿದಳು. ಆಮೇಲೆ ಹಲಗೆಯ ಬಳಿ ಹೋಗಿ ಹಸಿ ಲೋಟಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕಿದಳು.

"ಏ, ನಿನ್ನ ನಕ್ಷತ್ರ ಹೋಗುತ್ತೆ ಕಣೇ" ಎಂದೆ.

"ಸುಮ್ನಿರಜ್ಜಿ" ಎಂದಳು. ಆ ಮಾತು ಮಾತ್ರ ನಮ್ಮ ಮನೆಯದ್ದು.

ನಕ್ಷತ್ರ ಹೋಯಿತು. ಹನ್ನೆರಡು ಬೇಡಿಕೆಗಳನ್ನು ರದ್ದು ಮಾಡಲು ಹೋದಾಗ ತಾವು ಕಾರಣ ಕೇಳಿದಿರಿ, ಮತ್ತು ನಾವು ತಡವರಿಸಬಾರದೆಂದು ಕಾರಣಗಳನ್ನೂ ತಾವೇ ಬರೆದುಕೊಟ್ಟಿದ್ದಿರಿ: ವಸ್ತು ಮುಗಿದಿದೆ, ವಸ್ತು ಹಾನಿಯಾಗಿದೆ, ವಿಳಾಸ ತಪ್ಪಾಗಿದೆ, ಗ್ರಾಹಕರು ಬೇಡವೆಂದರು. ಒಂದನ್ನು ಆರಿಸಿ ಎಂದಿರಿ. ಮೊಮ್ಮಗಳು ಫೋನು ಹಿಡಿದು ಅರ್ಧ ಗಂಟೆ ಕೂತಳು. ನಾಲ್ಕೂ ಸುಳ್ಳು. ಯಾವುದನ್ನೂ ಒತ್ತದೆ ರದ್ದು ಮಾಡಿದ್ದಕ್ಕೆ ತಾವು ‘ಕಾರಣವಿಲ್ಲದೆ ಗ್ರಾಹಕರನ್ನು ನಿರಾಸೆಗೊಳಿಸಿದ ಮಾರಾಟಗಾರರು’ ಎಂಬ ಗುಂಪಿಗೆ ನಮ್ಮನ್ನು ಸೇರಿಸಿದಿರಿ. ಈಗ ನಮ್ಮ ಅಂಗಡಿಯನ್ನು ಅದರ ಹೆಸರು ಹಾಕಿಯೇ ಹುಡುಕಿದರೂ ಮೊದಲು ಮೂವತ್ತು ಜನರ ಸೊಟ್ಟ ಲೋಟ ಬರುತ್ತವೆ, ಅವುಗಳ ನಡುವೆ ಒಂದು ನಾಯಿಯ ಸ್ವೆಟರೂ ಬರುತ್ತದೆ, ನಾವು ಬರುವುದಿಲ್ಲ. ಭಟ್ಟಿ ತಣ್ಣಗಾಗಿ ಇಪ್ಪತ್ತು ದಿನವಾಯಿತು.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳು. ಮುಂದಿನ ವರ್ಷ ಯಾವ ಕಾಯಿಲೆಯ ಕೈಗೆ ಬೇಡಿಕೆ ಬರಲಿದೆ ಎಂದು ಆರು ತಿಂಗಳು ಮೊದಲೇ ತಿಳಿಸಿದರೆ, ನಮ್ಮಂಥವರು ಅದಕ್ಕೆ ತಕ್ಕ ಹಾಗೆ ಮುದುಕರಾಗಲು ಅನುಕೂಲವಾಗುತ್ತದೆ. ಕುಂದೇ ಚಂದ ಎಂದು ಹುಡುಕುವ ಮಹನೀಯರ ಮನೆಯ ಬಾಗಿಲು, ಮಂಚ, ಹಲ್ಲು ಇವೆಲ್ಲ ಸೊಟ್ಟಗಿವೆಯೇ ಎಂದು ಒಮ್ಮೆ ವಿಚಾರಿಸಿ ಪಟ್ಟಿಯಲ್ಲಿ ಪ್ರಕಟಿಸಬೇಕು. ಇವೆರಡೂ ಆಗದಿದ್ದರೆ ಚಿಂತೆಯಿಲ್ಲ, ನಕ್ಷತ್ರವನ್ನೂ ತಾವೇ ಇಟ್ಟುಕೊಳ್ಳಿ.

ಒಂದನ್ನು ಮಾತ್ರ ಬಿಟ್ಟುಕೊಡಲಾರೆ. ರದ್ದು ಮಾಡುವವರಿಗೆ ತಾವು ಕೊಡುವ ನಾಲ್ಕು ಕಾರಣಗಳ ಕೆಳಗೆ ಐದನೆಯದೊಂದನ್ನು ಸೇರಿಸಬೇಕು. ಹೆಚ್ಚು ಜಾಗ ಬೇಡ, ನಾಲ್ಕೇ ಪದ: ‘ಮಾಡುವವರ ಕೈ ಈಗ ಗುಣವಾಗಿದೆ’. ಸೇರಿಸಿದ ದಿನ ಮೊಮ್ಮಗಳು ಅದನ್ನು ಹನ್ನೆರಡು ಸಲ ಒತ್ತುತ್ತಾಳೆ. ನಿಜ ಹೇಳಿದವಳನ್ನು ‘ಕಾರಣವಿಲ್ಲದೆ’ ಎಂಬ ಗುಂಪಿನಿಂದ ಹೊರಗೆ ತರುವುದು ತಮ್ಮ ಕೆಲಸ. ಅಲ್ಲಿಯವರೆಗೆ ಕಿಟಕಿಯನ್ನು ಒರೆಸಿ ಲೋಟ ಜೋಡಿಸುವುದು ನನ್ನ ಕೆಲಸ. ಇವತ್ತು ಬೆಳಿಗ್ಗೆ ಒರೆಸಿದ್ದೇನೆ.

ಬೆಳಗಿನ ಮಾತ್ರೆ ತಪ್ಪಿಸದೆ ನುಂಗಿ ಈ ಪತ್ರವನ್ನು ಸ್ವಹಸ್ತದಿಂದ ಬರೆದಿರುವ,

ತಮ್ಮ ವಿಶ್ವಾಸಿ,
ಲೋಟದಂಗಡಿಯ ಅಜ್ಜಿ

ತಾ.ಕ.: ಪತ್ರದ ಜೊತೆ ನಾನು ಮಾಡಿದ ಒಂದು ಲೋಟವನ್ನು ಗೌರವಪೂರ್ವಕ ಕಳಿಸಿದ್ದೇನೆ. ಮೇಜಿನ ಮೇಲೆ ಅಲುಗಾಡದೆ ನಿಲ್ಲುತ್ತದೆ, ಕುಡಿದರೆ ಎಲ್ಲವೂ ಬಾಯಿಗೇ ಹೋಗುತ್ತದೆ. ಇದರಿಂದ ತಮಗೆ ಬೇಸರವಾದರೆ ಈ ವಾರದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಲೋಟದ ಒಂದು ಬದಿಯ ಅಡಿಗೆ ಇಟ್ಟುಕೊಳ್ಳಿ. ಬೇಕಾದಷ್ಟು ಸೊಟ್ಟಗಾಗುತ್ತದೆ, ಯಾರ ಕೈಯೂ ನಡುಗಬೇಕಾಗಿಲ್ಲ.